ಒತ್ತಕ್ಷರ ಬಿಡದೆ ಕೆತ್ತುವ ಕಲ್ಲಿನಂಗಡಿ

ಸಮಾಧಿ ಕಲ್ಲು ಮಾಡಿಸುವ ಕೆಲಸ ಮನೆಗೆ ಅಪರೂಪಕ್ಕೆ ಬರುತ್ತದೆ. ಬಂದಾಗ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ನಾನೂ ಹಾಗೇ ಅಲೆದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರವಾರದಿಂದ ಅಂಕೋಲೆ ಕಡೆ ಹೆದ್ದಾರಿಯಲ್ಲಿ ಹೋದರೆ, ಬಿಣಗಾ ದಾಟಿದ ಮೇಲೆ ತಗಡಿನ ಮಾಡಿನ ಒಂದು ಷೆಡ್ ಸಿಗುತ್ತದೆ. ಬೋರ್ಡ್ ಇಲ್ಲ. ಹೊರಗೆ ಒರಳುಕಲ್ಲು, ತುಳಸಿಕಟ್ಟೆ, ಅರ್ಧ ಕೆತ್ತಿದ ನಾಗರಕಲ್ಲು ಸಾಲಾಗಿ ಇಟ್ಟಿರುತ್ತಾರೆ. ನಮ್ಮ ಅಮ್ಮನ ಕಲ್ಲು ಆಗಿದ್ದು ಅಲ್ಲೇ.

ಅಮ್ಮ ಹೋಗಿದ್ದು ಫೆಬ್ರವರಿಯಲ್ಲಿ. ಕಲ್ಲನ್ನು ಕೂಡಲೇ ಇಡಲು ಆಗುವುದಿಲ್ಲ. ಒಂದು ಮಳೆಗಾಲ ಕಳೆದು ಮಣ್ಣು ಕೂತುಕೊಳ್ಳಬೇಕು. ಇಲ್ಲದಿದ್ದರೆ ಕಲ್ಲು ವಾಲುತ್ತದೆ. ನವೆಂಬರ್ 2ಕ್ಕೆ, ಅಂದರೆ ನಮ್ಮ ಕಥೋಲಿಕರ ಸತ್ತವರ ಹಬ್ಬದ ಹೊತ್ತಿಗೆ, ನಿಲ್ಲಿಸಬೇಕು ಅಂತ ಅಪ್ಪನ ಆಸೆ. ಹಾಗಾಗಿ ಜುಲೈನಲ್ಲೇ ಬೇರೆ ಊರಿನ ಒಂದು ದೊಡ್ಡ ಅಂಗಡಿಗೆ ಮುಂಗಡ ಕೊಟ್ಟೆ. ಹೆಸರು ಬೇಡ. ಅಲ್ಲಿ ಎಲ್ಲಾ ಕಂಪ್ಯೂಟರ್ ಕಟಿಂಗ್. ನಾನು ಬರೆದುಕೊಟ್ಟ ಸಾಲು ಒಂದೇ: ‘ಶರೀರದ ಪುನರುತ್ಥಾನವನ್ನು ನಂಬುತ್ತೇನೆ’. ನೋಡಲು ಹೋದಾಗ ಪುನರುತ್ಥಾನದ ‘ತ್ಥಾ’ ಎರಡು ತುಂಡಾಗಿತ್ತು. ‘ತ’ ಒಂದು ಕಡೆ, ‘ಥಾ’ ಇನ್ನೊಂದು ಕಡೆ, ನಡುವೆ ಒಂದು ಕೊಕ್ಕೆ. ಫಾಂಟ್ ಹಾಗೇ ಬರುತ್ತೆ ಮೇಡಂ, ಯಾರು ಅಷ್ಟು ನೋಡ್ತಾರೆ ಅಂದರು. ಬೇಕಿದ್ದರೆ ‘ಆತ್ಮಕ್ಕೆ ಶಾಂತಿ ಸಿಗಲಿ’ ರೆಡಿ ಇದೆ, ಅದನ್ನೇ ಹಾಕೋಣ, ಕಡಿಮೆಗೂ ಆಗುತ್ತೆ ಅಂದರು. 3,000 ರೂಪಾಯಿ ಮುಂಗಡ ಅಲ್ಲೇ ಬಿಟ್ಟು ಬಂದೆ.

ಒಂದು ಅಕ್ಷರಕ್ಕೆ ಇಷ್ಟೆಲ್ಲಾ ಯಾಕೆ ಅಂತ ನನ್ನ ತಮ್ಮನೂ ಕೇಳಿದ. ಅಮ್ಮ ಇದ್ದಿದ್ದರೆ ಕೇಳುತ್ತಿರಲಿಲ್ಲ. ಅಮ್ಮ ನಮ್ಮ ವಾಡೆಯ ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಹೇಳಿಕೊಡುತ್ತಿದ್ದಳು. ಮನೆಮಾತು ಕೊಂಕಣಿಯಾದರೂ ಅವಳು ಅಕ್ಷರ ಕಲಿತಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ನಂಬಿಕೆಯನ್ನು ಸಾಲುಸಾಲಾಗಿ ಹೇಳುವ ವಿಶ್ವಾಸ ಪ್ರಮಾಣದ ಕೊನೆಗೆ, ಈ ಸಾಲಿಗೆ ಬಂದಾಗ ಮಕ್ಕಳನ್ನು ನಿಲ್ಲಿಸುತ್ತಿದ್ದಳು. ‘ಆತ್ಮದ ಪುನರುತ್ಥಾನ ಅಂತ ಇದೆಯಾ? ಸರಿಯಾಗಿ ಓದಿ. ಶರೀರದ’ ಅನ್ನುತ್ತಿದ್ದಳು. ಒಂದು ಭತ್ತದ ಕಾಳು ಅಂಗೈಯಲ್ಲಿ ಇಟ್ಟು ತೋರಿಸುತ್ತಿದ್ದಳು. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಬರುವುದೂ ಕಾಳಿನ ಮಾತೇ. ಬಿತ್ತಿದ್ದು ಕಾಳು, ಏಳುವುದು ಪೈರು. ಕಾಳು ಇದ್ದ ಹಾಗೇ ವಾಪಸ್ ಬರುವುದಿಲ್ಲ. ಆದರೆ ಭತ್ತ ಬಿತ್ತಿದಲ್ಲಿ ಬೇರೆ ಏನೋ ಹುಟ್ಟುವುದೂ ಇಲ್ಲ.

ಆತ್ಮಕ್ಕೆ ಶಾಂತಿ ಅನ್ನುವುದು ತಪ್ಪಲ್ಲ. ಸತ್ತವರಿಗಾಗಿ ನಾವೂ ಅದನ್ನೇ ಬೇಡುತ್ತೇವೆ. ಆದರೆ ನಮ್ಮ ನಂಬಿಕೆ ಅಲ್ಲಿಗೆ ನಿಲ್ಲುವುದಿಲ್ಲ. ಸಾವಿನಲ್ಲಿ ಆತ್ಮ ದೇಹವನ್ನು ಬಿಡುತ್ತದೆ, ಕಡೆಯ ದಿನ ಅದೇ ದೇಹದ ಜೊತೆ ಮತ್ತೆ ಸೇರುತ್ತದೆ. ಆ ದೇಹಕ್ಕೆ ಮತ್ತೆ ಸಾವಿಲ್ಲ. ಅರ್ಧ ಮಾತನ್ನು ಅಮ್ಮನ ತಲೆಯ ಹತ್ತಿರ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಈ ಷೆಡ್ಡಿಗೆ ಹೋದಾಗ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಕೆತ್ತುವವರಿಗೆ ವಯಸ್ಸಾಗಿದೆ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ಹಿಂದೂಗಳು, ನಮ್ಮ ಕಲ್ಲು ಜಾಸ್ತಿ ಮಾಡಿದವರಲ್ಲ. ಕಾಗದ ತೆಗೆದುಕೊಂಡು ಓದಿದರು. ‘ಪುನರ್ಜನ್ಮವಾ?’ ಅಂತ ಕೇಳಿದರು. ಅಲ್ಲ ಅಂದೆ. ಇನ್ನೊಂದು ಸಲ ಓದಿದರು. ‘ಓ, ಉತ್ಥಾನ. ಉತ್ಥಾನ ದ್ವಾದಶಿಯ ಉತ್ಥಾನವೇ ಅಲ್ವಾ? ಮಲಗಿದವರು ಏಳೋದು.’

ನಾನು ಅಲ್ಲಿದ್ದ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಕಾರ್ತಿಕದಲ್ಲಿ ತುಳಸಿ ಮದುವೆ ಮಾಡುವ ದಿನ ಅದು, ವಿಷ್ಣು ನಿದ್ದೆಯಿಂದ ಏಳುವ ದಿನ. ವರ್ಷವಿಡೀ ತುಳಸಿಕಟ್ಟೆ ಮಾಡುವವರಿಗೆ ಆ ಪದ ಬಾಯಲ್ಲೇ ಇತ್ತು. ನಮ್ಮವರು ಸಮಾಧಿ ಜಾಗಕ್ಕೆ ಹೇಳುವ ‘ಸಿಮಿತೆರ್’ ಕೂಡ ಮೂಲದಲ್ಲಿ ಗ್ರೀಕ್ ಪದ. ಮಲಗುವ ಜಾಗ ಅಂತ ಅರ್ಥ. ಹಾಗಂತ ಹೇಳಿದೆ. ಅವರು ತಲೆಯಾಡಿಸಿ, ‘ಹಾಗಾದರೆ ಒತ್ತು ಬಿಡೋ ಹಾಗಿಲ್ಲ’ ಅಂದರು.

ಅವತ್ತು ಒಂದು ಗಂಟೆ ಮಾತಾಡಿದೆವು. ಗಿರಾಕಿ ಜೊತೆ ಅಷ್ಟು ಹೊತ್ತು ಕೂರುವ ಅಂಗಡಿ ನಾನು ನೋಡಿಲ್ಲ. ನಮ್ಮಲ್ಲಿ ದೇಹ ಅಂದರೆ ಬಟ್ಟೆ, ಹಳತಾದರೆ ಬದಲಿಸುವುದು ಅಂದರು. ನಮಗೆ ಹಾಗಲ್ಲ, ದೇಹವೂ ಅವಳೇ ಅಂದೆ. ಸುಟ್ಟವರ ಕಥೆ ಏನು ಅಂತ ಕೇಳಿದರು. ಕಥೋಲಿಕ ಸಭೆ 1963ರಿಂದ ಸುಡುವುದಕ್ಕೂ ಒಪ್ಪಿಗೆ ಕೊಟ್ಟಿದೆ, ಪುನರುತ್ಥಾನ ಸುಳ್ಳು ಅಂತ ತೋರಿಸಲು ಸುಡಬಾರದು ಅಷ್ಟೇ. ಆದರೂ ಹೂಳುವುದೇ ಒಳ್ಳೆಯದು ಅನ್ನುತ್ತದೆ. ಬೂದಿಯನ್ನು ಚೆಲ್ಲಬಾರದು, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ರೋಮಿನಿಂದ ಸೂಚನೆ ಬಂತು. ಇದನ್ನೆಲ್ಲಾ ಕೇಳಿಸಿಕೊಂಡು ಅವರು ಸಮುದ್ರದ ಕಡೆ ಕೈ ತೋರಿಸಿದರು. ‘ಅಲ್ಲಿ ಹೋದವರು?’

ಈ ಕರಾವಳಿಯಲ್ಲಿ ಆ ಪ್ರಶ್ನೆ ಸುಮ್ನೆ ಬರುವುದಿಲ್ಲ. ದೋಣಿ ಮಗುಚಿ ಹೆಣವೂ ಸಿಗದ ಮನೆಗಳು ನಮ್ಮ ನಡುವೆ ಇವೆ. ಸಮುದ್ರ ತನ್ನೊಳಗಿದ್ದ ಸತ್ತವರನ್ನು ಒಪ್ಪಿಸುತ್ತದೆ ಅಂತ ಬೈಬಲಿನ ಕೊನೆಯ ಪುಸ್ತಕದಲ್ಲೇ ಇದೆ ಅಂದೆ. ಮೀನು ತಿಂದಿದ್ದರೆ ಅಂದರು. ಈ ಪ್ರಶ್ನೆಯೂ ಹೊಸದಲ್ಲ. ಐದನೇ ಶತಮಾನದಲ್ಲಿ ಸಂತ ಅಗಸ್ಟೀನರು ಇದಕ್ಕಿಂತ ಕಷ್ಟದ್ದನ್ನು ಎತ್ತಿಕೊಂಡಿದ್ದರು. ಬರಗಾಲದಲ್ಲಿ ಮನುಷ್ಯನನ್ನು ಮನುಷ್ಯನೇ ತಿಂದರೆ ಆ ಮಾಂಸ ಯಾರದ್ದು ಅಂತ. ಮೊದಲು ಯಾರ ದೇಹವಾಗಿತ್ತೋ ಅವರಿಗೇ ವಾಪಸ್ ಅಂತ ಅವರ ಉತ್ತರ. ಇಲ್ಲದ್ದನ್ನೇ ಉಂಟು ಮಾಡಿದ ದೇವರಿಗೆ ಚದುರಿದ್ದನ್ನು ಕೂಡಿಸುವುದು ಕಷ್ಟವಲ್ಲ ಅಂತ ನಾನು ನಂಬುತ್ತೇನೆ.

ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಅಮ್ಮನ ಹೆಬ್ಬೆರಳು. ಕಾಳಿ ನದಿಯ ಬಳಚು, ಅಂದರೆ ಚಿಪ್ಪುಮೀನು, ಬಿಡಿಸಿ ಬಿಡಿಸಿ ಬಲಗೈ ಹೆಬ್ಬೆರಳಿನಲ್ಲಿ ಉಗುರಿನಿಂದ ಗೆಣ್ಣಿನವರೆಗೆ ಒಂದು ಬಿಳಿ ಗೀರು ಉಳಿದಿತ್ತು. ಚಿಕ್ಕವಳಿದ್ದಾಗ ಕತ್ತಲಲ್ಲೂ ಆ ಬೆರಳು ಮುಟ್ಟಿ ಅಮ್ಮ ಅಂತ ತಿಳಿಯುತ್ತಿದ್ದೆ. ಎದ್ದ ದೇಹದಲ್ಲಿ ಅದು ಇರುತ್ತದಾ? ಯೇಸು ಎದ್ದ ಮೇಲೆ ಶಿಷ್ಯ ತೋಮನಿಗೆ ತೋರಿಸಿದ್ದು ಗಾಯಗಳನ್ನೇ. ದೆವ್ವ ಅಂದುಕೊಂಡು ಶಿಷ್ಯರು ಹೆದರಿದಾಗ, ತಿನ್ನಲು ಏನಿದೆ ಅಂತ ಕೇಳಿ, ಸುಟ್ಟ ಮೀನು ಅವರ ಎದುರಿಗೇ ತಿಂದರು. ಆ ಭಾಗ ಅಮ್ಮನಿಗೆ ತುಂಬಾ ಇಷ್ಟ. ಗಾಯದ ಗುರುತಿದ್ದ, ಮೀನು ತಿಂದ ದೇಹ ಅದು. ನಮ್ಮ ಕಾರವಾರದ ಕೆಥೆಡ್ರಲ್ ಇರುವುದೂ ಸ್ವರ್ಗಕ್ಕೆ ಒಯ್ಯಲ್ಪಟ್ಟ ಮಾತೆ ಮರಿಯಳ ಹೆಸರಿನಲ್ಲಿ. ಆತ್ಮ ಮಾತ್ರವಲ್ಲ, ದೇಹ ಸಮೇತ. ಆಗಸ್ಟ್ 15ಕ್ಕೆ ಆ ಹಬ್ಬದ ಪೂಜೆ ಮುಗಿಸಿ ಬರುವಾಗ ಅಮ್ಮ ಪ್ರತಿ ವರ್ಷ ಹೇಳುತ್ತಿದ್ದಳು, ‘ಅವಳು ಹೋಗಿ ಆಗಿದೆ, ನಮ್ಮದೂ ಆಗುತ್ತೆ.’

ಇನ್ನು ಕೆಲಸದ ವಿಷಯ. ಕಲ್ಲು ಕಪ್ಪು ಗ್ರಾನೈಟ್, ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ. ಬಿಳಿ ಮಾರ್ಬಲ್ ಕೇಳಿದ್ದೆ. ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಪಾಚಿ ಹಿಡಿದು ಕಪ್ಪಾಗುತ್ತೆ, ದುಡ್ಡು ದಂಡ ಅಂತ ಅವರೇ ಬಿಡಿಸಿದರು. ಚಿನ್ನದ ಬಣ್ಣವೂ ಬೇಡ ಅಂದರು. ಉಪ್ಪುಗಾಳಿಗೆ ಅದು ಸಿಪ್ಪೆ ಏಳುತ್ತೆ. ಬದಲಿಗೆ ಅಕ್ಷರವನ್ನು ಆಳಕ್ಕೆ, ನೇಗಿಲ ಸಾಲಿನ ಹಾಗೆ ಓರೆಯಾಗಿ ಕೆತ್ತುತ್ತಾರೆ. ಬಿಸಿಲು ಬಿದ್ದಾಗ ನೆರಳಿನಲ್ಲೇ ಓದಲು ಬರುತ್ತದೆ.

ಎರಡನೇ ಸಲ ಹೋದಾಗ ‘ತ್ಥಾ’ ಕೆತ್ತುತ್ತಿದ್ದರು. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅದರ ಮೇಲೆ ಪೆನ್ಸಿಲ್ ಗೆರೆ. ಒತ್ತಿನ ಹೊಟ್ಟೆಯೊಳಗೆ ಸಾಸಿವೆಯಷ್ಟು ಒಂದು ಚುಕ್ಕಿ ಬರಬೇಕು. ಚುಕ್ಕಿ ಹೋದರೆ ಅದು ‘ದ’ ಒತ್ತು. ಅವರು ಸುತ್ತಲಿನ ಗೆರೆಗಿಂತ ಮೊದಲು ಚುಕ್ಕಿಯನ್ನೇ ತೆಗೆದರು. ಸಣ್ಣ ಉಳಿ ಇಟ್ಟು ಟಕ್, ಊದುವುದು, ಮತ್ತೆ ಟಕ್. ಗೆರೆ ಮೊದಲು ಕೆತ್ತಿದರೆ ನಡುವಿನ ಕಲ್ಲು ಚಕ್ಕೆ ಎದ್ದು ಚುಕ್ಕಿಗೆ ಜಾಗವೇ ಉಳಿಯುವುದಿಲ್ಲ ಅಂದರು. ಆ ಒಂದು ಅಕ್ಷರಕ್ಕೆ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಹಿಡಿಯಿತು. ಅಕ್ಷರಕ್ಕೆ 60 ರೂಪಾಯಿ ಲೆಕ್ಕ, ಒತ್ತಿಗೆ ಬೇರೆ ದುಡ್ಡಿಲ್ಲ. ಕಲ್ಲು, ಶಿಲುಬೆ, ಹೆಸರು, ಸಾಲು, ಎಲ್ಲಾ ಸೇರಿ ನನಗೆ 14,500 ಆಯಿತು.

ಕುಂದು ಹೇಳಲೇಬೇಕು. ಮೂರು ವಾರ ಅಂದವರು ಏಳು ವಾರ ಮಾಡಿದರು. ಉತ್ಥಾನ ದ್ವಾದಶಿ ಹತ್ತಿರ ಬಂದಂತೆ ತುಳಸಿಕಟ್ಟೆಯ ಕೆಲಸ ಜಾಸ್ತಿ, ನಮ್ಮ ಕಲ್ಲು ಮೂಲೆಯಲ್ಲಿ ಕೂತಿತ್ತು. ಫೋನ್ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ನಗದು ಮಾತ್ರ. ಸಾಗಿಸುವುದು, ನಿಲ್ಲಿಸುವುದು ನಮ್ಮದೇ ಜವಾಬ್ದಾರಿ. ನಾನು ಟೆಂಪೋಗೂ ಗೌಂಡಿಗೂ ಸೇರಿ ಇನ್ನೂ 2,800 ಕೊಟ್ಟೆ. ನವೆಂಬರ್ 2ಕ್ಕೆ ಬೇಕಿದ್ದರೆ ಜೂನ್‌ನಲ್ಲೇ ಹೇಳಿಬಿಡಿ.

ನಿಲ್ಲಿಸುವ ದಿನ ಅವರು ತಾವಾಗಿಯೇ ಬೈಕ್ ಹತ್ತಿ ಬಂದಿದ್ದರು. ಮುಖ ಯಾವ ಕಡೆ ಅಂತ ಗೌಂಡಿ ಕೇಳಿದ. ಸಮುದ್ರದ ಕಡೆ ಚೆನ್ನಾಗಿರುತ್ತೆ ಅಂದ. ಬೇಡ, ಪೂರ್ವಕ್ಕೆ ಅಂದೆ. ಕ್ರಿಸ್ತ ಮತ್ತೆ ಬರುವಾಗ ಪೂರ್ವದಿಂದ ಬರುತ್ತಾನೆ ಅಂತ ಹಳಬರು ಪೂರ್ವಕ್ಕೆ ಕಾಲು ಮಾಡಿ ಮಲಗಿಸುತ್ತಿದ್ದರು, ಎದ್ದಾಗ ಮುಖ ಅತ್ತಲೇ ಇರಲಿ ಅಂತ. ಅಮ್ಮನನ್ನೂ ಹಾಗೇ ಮಲಗಿಸಿದ್ದೆವು. ಹಾಗಾಗಿ ಕಲ್ಲು ಘಟ್ಟದ ಕಡೆ ನೋಡುತ್ತಿದೆ. ಅಪ್ಪ ಬಗ್ಗಿ, ಅಮ್ಮನ ಹೆಸರಿನ ಕೆಳಗೆ ಬಿಟ್ಟಿದ್ದ ಖಾಲಿ ಜಾಗವನ್ನು ಬೆರಳಿಟ್ಟು ಅಳೆದರು. ನಾಲ್ಕು ಬೆರಳು. ‘ಸಾಕು’ ಅಂದರು.

ಹೋಗುವಾಗ ನಿಮ್ಮ ಸಾಲನ್ನು ಕಾಗದದ ಮೇಲೆ ದೊಡ್ಡದಾಗಿ, ಒತ್ತು ಕಾಣುವ ಹಾಗೆ ಬರೆದುಕೊಂಡು ಹೋಗಿ. ಅವರು ಅದನ್ನು ಎಸೆಯುವುದಿಲ್ಲ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ನನ್ನ ಕಾಗದ ಷೆಡ್ಡಿನ ಕಂಬದ ಮೊಳೆಯಲ್ಲಿ ಇನ್ನೂ ಇತ್ತು, ‘ತ್ಥಾ’ದ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ ಸುತ್ತಿದ್ದರು.