ಕಬ್ಬಿಣದ ಬಾಣಲೆ: ನಾಲ್ಕು ವರ್ಷ ಒಗ್ಗರಣೆ ಹಾಕಿದ ಮೇಲೆ

ದೂರಿನಿಂದಲೇ ಶುರು ಮಾಡುತ್ತೇನೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆ ಬಂದ ಡಬ್ಬದ ಮೇಲೆ ಕೆಂಪಗೆ ಕುದಿಯುವ ಟೊಮೆಟೊ ಗ್ರೇವಿಯ ಚಿತ್ರ. ಪಕ್ಕದಲ್ಲೇ ‘ಮೊದಲೇ ಪಳಗಿಸಿದ್ದು, ನೇರ ಒಲೆಗಿಡಿ’ ಎಂಬ ಭರವಸೆ. ಎರಡನ್ನೂ ನಂಬಬೇಡಿ. ಹೊಸ ಬಾಣಲೆಯಲ್ಲಿ ಟೊಮೆಟೊನೋ ಹುಣಸೆಹಣ್ಣೋ ಪುನರ್ಪುಳಿಯೋ ಹಾಕಿ ಇಪ್ಪತ್ತು ನಿಮಿಷ ಕುದಿಸಿ ನೋಡಿ. ಮೇಲಿನ ಎಣ್ಣೆಯ ಪದರ ಸಡಿಲವಾಗಿ ಗೊಜ್ಜಿನೊಳಗೇ ಸೇರುತ್ತದೆ. ಗೊಜ್ಜು ಕಪ್ಪಿಡುತ್ತದೆ, ನಾಲಿಗೆ ಮೇಲೆ ನಾಣ್ಯ ಇಟ್ಟುಕೊಂಡ ಹಾಗೆ ರುಚಿ. ತೊಳೆದರೆ ತಳದಲ್ಲಿ ಬೂದುಬಣ್ಣದ ಬೋಳು ಕಬ್ಬಿಣ, ಬೆಳಗಾಗುವಷ್ಟರಲ್ಲಿ ಅದರ ಮೇಲೆ ಕಿತ್ತಳೆ ತುಕ್ಕು. ಒಂದು ಹೊತ್ತಿನ ಗೊಜ್ಜಿಗೆ ಒಂದು ವಾರ ಪಳಗಿಸಿದ್ದು ಹೋಯಿತು.

ಇದು ಬಾಣಲೆಯ ದೋಷ ಅಲ್ಲ, ಅದನ್ನು ಗ್ರೇವಿ ಮಾಡುವ ‘ಕರಿ ಕಡಾಯಿ’ ಎಂದು ಮಾರುವವರ ದೋಷ. ಹಳೇ ಅಡುಗೆಮನೆಗಳಲ್ಲಿ ಪಾತ್ರೆಗಳಿಗೆ ಕೆಲಸ ಹಂಚಿಕೆಯಾಗಿತ್ತು. ಹುಳಿ, ಸಾರು, ಗೊಜ್ಜಿಗೆ ಕಲ್ಚಟ್ಟಿ; ಕರಾವಳಿಯಲ್ಲಾದರೆ ಮೀನಿನ ಸಾರಿಗೆ ಮಣ್ಣಿನ ಮಡಕೆ; ಹಿತ್ತಾಳೆಗೆ ಕಲಾಯಿ. ಹುಳಿ ಪದಾರ್ಥಕ್ಕೂ ಲೋಹಕ್ಕೂ ಆಗಿಬರುವುದಿಲ್ಲ ಅನ್ನುವುದು ಗೊತ್ತಿದ್ದೇ ಮಾಡಿದ ಏರ್ಪಾಡು ಅದು. ಕಬ್ಬಿಣಕ್ಕೆ ಬಿಟ್ಟ ಕೆಲಸ ಹುರಿಯುವುದು, ಕರಿಯುವುದು, ಬಾಡಿಸುವುದು, ಒಗ್ಗರಣೆ. ಈ ಲೆಕ್ಕ ತಲೆಯಲ್ಲಿದ್ದರೆ ಬಾಣಲೆ ಕೊಳ್ಳುವುದೂ ಪಳಗಿಸುವುದೂ ಅರ್ಧ ಸುಲಭ.

ಈ ವಿಮರ್ಶೆ ಎರಡು ಬಾಣಲೆಗಳದ್ದು. ಒಂದು ಎರಕ ಹೊಯ್ದ ಬೀಡಿನದು, ಬಾಯಿಯ ಅಗಲ 26 ಸೆಂ.ಮೀ., ತೂಕ ಮೂರು ಕಿಲೋಗೆ ತುಸು ಕಡಿಮೆ. ಇನ್ನೊಂದು ಅದೇ ಅಗಲದ, ಸಂತೆಯಲ್ಲಿ ಸಿಗುವ ತಗಡಿನ ಬಾಣಲೆ. ತೂಕ ಒಂದೂಕಾಲು ಕಿಲೋ. ಬೀಡಿನದಕ್ಕೆ ಕೊಟ್ಟ ದುಡ್ಡಿನಲ್ಲಿ ತಗಡಿನವು ಮೂರು ಬರುತ್ತಿದ್ದವು.

ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ. ಆಮೇಲೆ ಬಾಣಲೆಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಂಚು ಒತ್ತಿ. ಗುಂಡುತಳದ್ದು ಸ್ವಲ್ಪ ತೂಗಾಡಲೇಬೇಕು, ಆದರೆ ಚಪ್ಪಟೆ ತಳ ಅಂತ ಹೇಳಿ ಕೊಟ್ಟದ್ದು ಅಲ್ಲಾಡಿದರೆ ಬೇಡ. ಗ್ಯಾಸ್ ಸ್ಟ್ಯಾಂಡಿನ ಮೇಲೆ ಮಗುಚುವಾಗೆಲ್ಲ ತಿರುಗುತ್ತಿರುತ್ತದೆ. ಬೀಡಿನದನ್ನು ಒಂದು ಕೈಯಲ್ಲಿ ಹಿಡಿಯಿಂದ ಎತ್ತಿ, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ನಾದ ಬರಬೇಕು. ಒಡಕು ದನಿ ಬಂದರೆ ಎಲ್ಲೋ ಸೀಳಿದೆ, ಕಣ್ಣಿಗೆ ಕಾಣದಿದ್ದರೂ ಬಿಡಿ. ತಗಡಿನದರಲ್ಲಿ ನೋಡಬೇಕಾದ್ದು ಹಿಡಿ. ರಿವೆಟ್ ಹೊಡೆದ ಹಿಡಿಯ ಒಳಬದಿಯ ಗುಂಡುಗಳ ಸುತ್ತ ಬೆರಳಾಡಿಸಿ. ಸಂದಿ ಇದ್ದರೆ ಅಲ್ಲಿ ಮಸಾಲೆ ಕೂತು ನೀರು ಹಿಡಿಯುತ್ತದೆ, ತುಕ್ಕು ಮೊದಲು ಶುರುವಾಗುವುದೂ ಅಲ್ಲೇ. ತಗಡು ಎರಡು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಉರಿ ತಾಗುವ ಒಂದೇ ಕಡೆ ಸೀಯುತ್ತದೆ, ಪಕ್ಕದಲ್ಲಿ ಬೇಯುವುದೇ ಇಲ್ಲ.

ಇಂಡಕ್ಷನ್ ಒಲೆಯವರು ಚಪ್ಪಟೆ ತಳದ ಬೀಡಿನದನ್ನೇ ತೆಗೆದುಕೊಳ್ಳಿ. ಅದನ್ನೂ ಒಮ್ಮೆಲೇ ಜಾಸ್ತಿ ಪವರಿಗೆ ಇಡಬೇಡಿ. ತಳದ ನಡುಭಾಗ ಕಾದು, ಅಂಚು ತಣ್ಣಗೇ ಉಳಿದರೆ ತಗಡು ಉಬ್ಬುತ್ತದೆ, ಬೀಡು ಸೀಳಲೂಬಹುದು. ಕಾದ ಬೀಡಿಗೆ ತಣ್ಣೀರು ಸುರಿದರೂ ಇದೇ ಕತೆ.

ಇನ್ನು ಪಳಗಿಸುವ ವಿಷಯ. ಅಂಗಡಿಯಿಂದ ಬಂದ ಬಾಣಲೆಯ ಮೇಲಿರುವುದು ತುಕ್ಕು ತಡೆಯುವ ಎಣ್ಣೆ, ಕೆಲವೊಮ್ಮೆ ಬಣ್ಣ. ಬಿಳೀ ಬಟ್ಟೆಯಿಂದ ಒರೆಸಿದರೆ ಕರಿ ಹತ್ತುತ್ತದೆ. ಅದನ್ನು ಬಿಸಿನೀರು, ಸೋಪು, ತೆಂಗಿನ ನಾರು ಹಿಡಿದು ತಿಕ್ಕಿ ತೆಗೆಯಬೇಕು. ಸೋಪು ಹಾಕಲು ಹೆದರಬೇಕಿಲ್ಲ, ಈ ಹಂತದಲ್ಲಿ ಕಳೆದುಕೊಳ್ಳಲು ಏನೂ ಇಲ್ಲ. ಅಕ್ಕಿ ತೊಳೆದ ನೀರಿನಲ್ಲೋ ಗಂಜಿಯಲ್ಲೋ ಎರಡು ಮೂರು ದಿನ ನೆನೆಸಿಡುವುದು ನಮ್ಮಲ್ಲಿ ರೂಢಿ. ಆ ನೀರು ಹುಳಿ ಬಂದು ಸಣ್ಣ ತುಕ್ಕನ್ನೂ ಜಿಡ್ಡನ್ನೂ ಸಡಿಲಿಸುತ್ತದೆ. ಒಳ್ಳೆಯದೇ, ಆದರೆ ಅದು ತೊಳೆಯುವ ಕೆಲಸ, ಪಳಗಿಸುವ ಕೆಲಸ ಅಲ್ಲ. ಗಂಜಿಯಲ್ಲಿಟ್ಟು ತೆಗೆದ ಬಾಣಲೆಗೆ ನೇರ ದೋಸೆ ಹೊಯ್ದು, ಎದ್ದು ಬರಲಿಲ್ಲ ಎಂದು ಬೈಯುವವರು ಬಹಳ.

ಪಳಗಿಸುವುದು ಅಂದರೆ ಎಣ್ಣೆಯನ್ನು ಕಬ್ಬಿಣದ ಮೇಲೆ ಸುಟ್ಟು ಗಟ್ಟಿ ಪದರ ಮಾಡುವುದು. ಬಾಗಿಲಿಗೆ ಬಳಿದ ವಾರ್ನಿಶ್ ಒಣಗಿ ಬಿಗಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ಒಣಗುವ ಜಾತಿಯ ಎಣ್ಣೆ ಬೇಕು. ಸೂರ್ಯಕಾಂತಿ ಸಾಕು. ಉತ್ತರ ಕರ್ನಾಟಕದವರ ಮನೆಯಲ್ಲಿ ಗುರೆಳ್ಳೆಣ್ಣೆ ಇದ್ದರೆ ಇನ್ನೂ ಚೆನ್ನ. ಅಗಸೆ ಎಣ್ಣೆ ನೋಡಲು ಗಾಜಿನಂಥ ಹೊಳಪು ಕೊಡುತ್ತದೆ, ಆದರೆ ಸಟ್ಟುಗದ ಏಟಿಗೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬಾರದು. ಎಷ್ಟು ಕಾಯಿಸಿದರೂ ಬಿಗಿಯಾಗಿ ಕೂರುವುದಿಲ್ಲ. ಕರಾವಳಿಯ ಮನೆಗಳಲ್ಲಿ ‘ಎಷ್ಟು ಸಲ ಎಣ್ಣೆ ಹಚ್ಚಿದರೂ ತುಕ್ಕು’ ಎಂಬ ಗೋಳಿಗೆ ಅರ್ಧ ಕಾರಣ ಮಳೆ, ಇನ್ನರ್ಧ ಇದೇ.

ತೊಳೆದ ಬಾಣಲೆಯನ್ನು ಉರಿಯ ಮೇಲಿಟ್ಟು ಪೂರಾ ಒಣಗಿಸಿ. ಕೈಗೆ ಬಿಸಿ ತಾಗುವಷ್ಟಾದಾಗ ಅರ್ಧ ಚಮಚ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಗೆ ಎಲ್ಲ ಸವರಿ. ಈಗ ಹಳೇ ಹತ್ತಿ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ ಒರೆಸಿಬಿಡಿ. ಎಲ್ಲರೂ ಕೆಡುವುದು ಇಲ್ಲೇ. ಎಣ್ಣೆ ಜಾಸ್ತಿ ಉಳಿದರೆ ಗಟ್ಟಿಯಾಗುವ ಬದಲು ಬೆಲ್ಲದ ಪಾಕದ ಹಾಗೆ ಜಿಗುಟಾಗಿ ಕೂರುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಒರೆಸಿದ ಮೇಲೆ ಮಧ್ಯಮ ಉರಿಯಲ್ಲಿ ಹೊಗೆ ಎದ್ದು, ಹೊಗೆ ತಾನಾಗಿ ನಿಲ್ಲುವವರೆಗೆ ಬಿಡಿ. ತಗಡಿನದಕ್ಕೆ ಎಂಟು ಹತ್ತು ನಿಮಿಷ, ಬೀಡಿಗೆ ಹದಿನೈದು. ಕಿಟಕಿ ತೆರೆದಿರಲಿ. ಗ್ಯಾಸಿನ ಉರಿ ತಳಕ್ಕಷ್ಟೇ ತಾಗುವುದರಿಂದ ಇಕ್ಕಳದಲ್ಲಿ ಹಿಡಿದು ಬಾಣಲೆಯನ್ನು ಓರೆ ಮಾಡಿ ನಾಲ್ಕೂ ಮಗ್ಗುಲು ಕಾಯಿಸಬೇಕು. ಆರಿಸಿ, ಮತ್ತೆ ಸವರಿ, ಮತ್ತೆ ಒರೆಸಿ. ಹೀಗೆ ಐದಾರು ಸುತ್ತು. ಮೊದಲ ಸುತ್ತಿಗೆ ಕಂದು ಮಚ್ಚೆ ಬರುತ್ತದೆ, ಮೂರನೆಯದಕ್ಕೆ ಮಚ್ಚೆಗಳು ಕೂಡಿಕೊಳ್ಳುತ್ತವೆ, ಐದನೆಯದಕ್ಕೆ ಕಪ್ಪು. ‘ಮೊದಲೇ ಪಳಗಿಸಿದ’ ಬೀಡಿಗೂ ಮೂರು ಸುತ್ತು ಹಾಕುವುದು ಲೇಸು. ಕಾರ್ಖಾನೆಯ ಪದರ ಸಾಗಣೆಯಲ್ಲಿ ತುಕ್ಕು ಹಿಡಿಯದಿರಲಷ್ಟೇ ಸಾಕು. ಕೊನೆಗೆ ಎರಡು ಚಮಚ ಎಣ್ಣೆಯಲ್ಲಿ ಉದ್ದುದ್ದ ಹೆಚ್ಚಿದ ಎರಡು ಈರುಳ್ಳಿಯನ್ನು ಕಪ್ಪಾಗುವವರೆಗೆ ಬಾಡಿಸಿ, ಎಸೆಯಿರಿ. ಈರುಳ್ಳಿಯನ್ನು ಮಗುಚುತ್ತಾ ಹೋದರೆ ಎಣ್ಣೆ ಮೂಲೆಮೂಲೆಗೂ ತಲುಪುತ್ತದೆ.

ಇಷ್ಟಾದರೂ ಬಾಣಲೆ ಪಳಗಿತು ಅಂದುಕೊಳ್ಳಬೇಡಿ. ಅದು ಪಳಗುವುದು ಮೊದಲ ಎರಡು ತಿಂಗಳು ಅದರಲ್ಲಿ ಏನು ಬೇಯಿಸುತ್ತೀರಿ ಅನ್ನುವುದರ ಮೇಲೆ. ಸಂಡಿಗೆ, ಹಪ್ಪಳ, ಬಜ್ಜಿ ಕರಿಯಿರಿ. ಕಡ್ಲೆಬೀಜ ಹುರಿಯಿರಿ. ಆಲೂಗಡ್ಡೆ ಪಲ್ಯ ಕೊನೆಗಿರಲಿ, ಅದು ಪರೀಕ್ಷೆ: ಪಿಷ್ಟ ತಳಕ್ಕೆ ಹಿಡಿಯದೆ ಸಟ್ಟುಗದ ಹಿಂದೆ ಜಾರಿಕೊಂಡು ಬಂದರೆ ಪಾಸು. ಬೀಡಿನದು ಪಾಸಾಗಲು ಮೂರು ತಿಂಗಳು ಹಿಡಿಯಿತು, ಒಳಮೈ ಮರಳುಮರಳಾಗಿದ್ದ ಕಾರಣ. ನುಣುಪಾದ ತಗಡಿನದು ಐದೇ ವಾರದಲ್ಲಿ ಪಾಸು.

ಆ ಪರೀಕ್ಷೆ ಮುಗಿದ ಮೇಲೆ ಬೈಗುಳ ಕಡಿಮೆಯಾಗುತ್ತದೆ. ಬೆಂಡೆಕಾಯಿ ಪಲ್ಯ ನೋಡಿ. ಲೋಳೆ ಹೋಗಲಿ ಅಂತ ಹುಣಸೆರಸ ಚಿಮುಕಿಸುವ ಅಭ್ಯಾಸ ಉಂಟಲ್ಲ, ಕಬ್ಬಿಣದಲ್ಲಿ ಅದರ ಅಗತ್ಯವೇ ಬರುವುದಿಲ್ಲ. ಬೀಡನ್ನು ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಒಗ್ಗರಣೆ ಹಾಕಿ, ಕಾಲು ಕಿಲೋ ಬೆಂಡೆ ಒಟ್ಟಿಗೇ ಸುರಿದರೂ ಅದರ ಕಾವು ಅಷ್ಟಾಗಿ ಇಳಿಯುವುದಿಲ್ಲ. ಮುಚ್ಚಳ ಹಾಕದೆ, ಉಪ್ಪನ್ನು ಕೊನೆಗೆ ಹಾಕಿ, ಆಗಾಗ ಮಗುಚಿದರೆ ಹತ್ತು ನಿಮಿಷದಲ್ಲಿ ಲೋಳೆಯ ಎಳೆ ಮಾಯ. ಅಂಚು ತುಸು ಕಪ್ಪಾಗುತ್ತದೆ, ರುಚಿಗೇನೂ ಕೊರತೆ ಇಲ್ಲ. ಹಾಗಲಕಾಯಿಯಂತೂ ನಾನ್‌ಸ್ಟಿಕ್ಕಿನಲ್ಲಿ ಬೇಯುತ್ತದೆ, ಇದರಲ್ಲಿ ಮಾತ್ರ ಹುರಿಯುತ್ತದೆ.

ಒಗ್ಗರಣೆಯಲ್ಲಿ ಒಂದು ಎಚ್ಚರ. ಬೀಡು ಉರಿ ಆರಿಸಿದರೂ ಕಾವು ಬಿಡುವುದಿಲ್ಲ. ಸಾಸಿವೆ ಪೂರಾ ಸಿಡಿಯುವವರೆಗೆ ಕಾದರೆ ಉದ್ದಿನಬೇಳೆ ಕರಕಲು. ಸಾಸಿವೆ ಅರ್ಧ ಸಿಡಿದಾಗಲೇ ಒಲೆ ಆರಿಸಿ, ಬೇಳೆ ಹಾಕಿ, ಇಂಗು, ಕರಿಬೇವು ಆಮೇಲೆ. ಉಳಿದದ್ದನ್ನು ಬಾಣಲೆಯೇ ನೋಡಿಕೊಳ್ಳುತ್ತದೆ.

ಕಪ್ಪಾಗುವ ವಿಷಯಕ್ಕೆ ಬಂದರೆ, ಅದಕ್ಕೆ ಹುಳಿಯೊಂದೇ ಕಾರಣ ಅಲ್ಲ. ಬಾಳೆಕಾಯಿ, ಬಾಳೆಹೂವು, ಬದನೆಯಲ್ಲಿರುವ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣವೇ ಹುಟ್ಟುತ್ತದೆ. ತಲೆಗೆ ಹಚ್ಚುವ ಮೆಹಂದಿಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಕಲೆಸಿ ರಾತ್ರಿಯಿಡೀ ಕಬ್ಬಿಣದ ಬಾಣಲೆಯಲ್ಲಿ ಇಡುವುದು ಈ ಕಪ್ಪಿಗಾಗಿಯೇ. (ಅಡುಗೆಯ ಬಾಣಲೆಯನ್ನು ಆ ಕೆಲಸಕ್ಕೆ ಕೊಡಬೇಡಿ. ಪದರ ಹೋಗುತ್ತದೆ, ಮುಂದಿನ ಉಪ್ಪಿಟ್ಟಿಗೆ ಮೆಹಂದಿ ವಾಸನೆ ಬರುತ್ತದೆ.) ಹೀಗೆ ಕಪ್ಪಾದ ಪಲ್ಯ ತಿಂದರೆ ಅಪಾಯ ಏನಿಲ್ಲ, ಬಾಳೆಕಾಯಿ ಪಲ್ಯ ಬೆಳ್ಳಗೇ ಬೇಕು ಅನ್ನುವವರು ಬೇರೆ ಪಾತ್ರೆ ನೋಡಿಕೊಳ್ಳಬೇಕು.

ಹಾಗಾದರೆ ಇದರಲ್ಲಿ ಮಸಾಲೆ ಪದಾರ್ಥ ಆಗುವುದೇ ಇಲ್ಲವೇ? ಆಗುತ್ತದೆ, ಹದ ಗೊತ್ತಿದ್ದರೆ. ವರ್ಷ ತುಂಬಿದ ಬಾಣಲೆಯಲ್ಲಿ ಎಣ್ಣೆಗಾಯಿ ಚೆನ್ನಾಗಿ ಬರುತ್ತದೆ: ಎಣ್ಣೆ ಧಾರಾಳ, ಹುಣಸೆ ಕಡಿಮೆ, ಅದೂ ಶೇಂಗಾ ಎಳ್ಳಿನ ಮಸಾಲೆಯೊಳಗೆ ಅಡಗಿರುತ್ತದೆ. ಬಣ್ಣ ಒಂದು ಪಟ್ಟು ಗಾಢ, ಅಷ್ಟೇ. ಕೋಳಿ ಸುಕ್ಕಕ್ಕೆ ಇದಕ್ಕಿಂತ ಒಳ್ಳೆ ಪಾತ್ರೆ ಇಲ್ಲ. ಕೊಡಗಿನ ಪಂದಿಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಬೀಳುವುದು ಕೊನೆಯಲ್ಲಿ, ಮೇಲಾಗಿ ಪಂದಿಕರಿ ಕಪ್ಪಗಿದ್ದಷ್ಟೂ ಚೆಂದ. ಟೊಮೆಟೊ ಬೇಕೇ ಬೇಕಾದ ಪದಾರ್ಥಕ್ಕೆ ಉಪಾಯ ಹೀಗೆ: ಈರುಳ್ಳಿ, ಮಸಾಲೆ, ತರಕಾರಿ ಕಬ್ಬಿಣದಲ್ಲಿ ಹುರಿದು, ಹುಳಿ ಹಾಕುವ ಮೊದಲು ಸ್ಟೀಲ್ ಪಾತ್ರೆಗೋ ಕಲ್ಚಟ್ಟಿಗೋ ಬಗ್ಗಿಸಿ. ಚಿತ್ರಾನ್ನ, ಒಗ್ಗರಣೆ ಅವಲಕ್ಕಿಗೆ ನಿಂಬೆರಸ ಕೆಳಗಿಳಿಸಿ ಬೇರೆ ಪಾತ್ರೆಗೆ ಹಾಕಿದ ಮೇಲೆ. ಯಾವುದನ್ನೂ ಬಾಣಲೆಯಲ್ಲೇ ರಾತ್ರಿಗೆ ಬಿಡಬಾರದು. ಹುಳಿ ಇಲ್ಲದ್ದೂ ಬೆಳಿಗ್ಗೆಗೆ ಕಬ್ಬಿಣದ ವಾಸನೆ ಹೊಡೆಯುತ್ತದೆ.

ಕಬ್ಬಿಣದಂಶ ಸಿಗುತ್ತದೆ ಎಂದು ಕೊಳ್ಳುವವರಿಗೆ ಒಂದು ಮಾತು. ಹುಳಿಯಾದ, ನೀರಾದ, ಬಹಳ ಹೊತ್ತು ಬೆಂದ ಪದಾರ್ಥಕ್ಕೇ ಕಬ್ಬಿಣ ಹೆಚ್ಚು ಇಳಿಯುವುದು. ಅಂದರೆ ಬಾಣಲೆ ಕೆಡಿಸುವ ಅಡುಗೆಯೇ ಕಬ್ಬಿಣ ಕೊಡುವ ಅಡುಗೆ! ಚೆನ್ನಾಗಿ ಪಳಗಿದ ಬಾಣಲೆಯ ಒಣ ಪಲ್ಯದಿಂದ ಅಷ್ಟು ನಿರೀಕ್ಷಿಸಬೇಡಿ. ದೇಹದಲ್ಲಿ ಕಬ್ಬಿಣ ಹೆಚ್ಚಾಗುವ ಕಾಯಿಲೆ ಇರುವವರು, ಥಲಸ್ಸೇಮಿಯಾದವರು ವೈದ್ಯರನ್ನು ಕೇಳದೆ ಬಳಸಬಾರದು.

ತೊಳೆಯುವುದಕ್ಕೆ ಎರಡು ನಿಮಿಷ. ಬಾಣಲೆ ಉಗುರುಬೆಚ್ಚಗಿರುವಾಗಲೇ ನೀರು, ತೆಂಗಿನ ನಾರು. ಜಿಡ್ಡು ಜಾಸ್ತಿ ಇದ್ದರೆ ಒಂದು ತೊಟ್ಟು ಸೋಪು, ಅಥವಾ ಸೀಗೆಪುಡಿ. ತಳ ಹಿಡಿದಿದ್ದರೆ ಒಂದು ಚಮಚ ಕಲ್ಲುಪ್ಪಿನಿಂದ ತಿಕ್ಕಿ. ಸ್ಟೀಲ್ ನಾರು, ಪಾತ್ರೆ ಪುಡಿ ಬೇಡ. ಮನೆಗೆಲಸದವರಿಗೆ ಇದನ್ನು ಮೊದಲೇ ಹೇಳಿಡಿ, ಅವರು ಬೆಳ್ಳಗೆ ಹೊಳೆಯಿಸಿಕೊಟ್ಟ ಮೇಲೆ ಬೈದರೆ ನ್ಯಾಯವಲ್ಲ. ತೊಳೆದ ಕೂಡಲೇ ಉರಿಯ ಮೇಲಿಟ್ಟು, ನೀರಿನ ಕೊನೆಯ ಹನಿ ಆರುವವರೆಗೆ ಕಾಯಿಸಿ, ಬಿಸಿಯಿರುವಾಗಲೇ ನಾಲ್ಕು ಹನಿ ಎಣ್ಣೆ ಸವರಿ ಒರೆಸಿಡಿ. ಆಷಾಢ ಶ್ರಾವಣದಲ್ಲಿ ಮುಚ್ಚಳ ಹಾಕಿಡಬೇಡಿ, ಒಳಗೆ ಒಂದು ಹಾಳೆ ನ್ಯೂಸ್‌ಪೇಪರ್ ಇರಲಿ. ತುಕ್ಕು ಬಂದರೂ ಗಾಬರಿ ಬೇಡ, ತಿಕ್ಕಿ, ಒಣಗಿಸಿ, ಎರಡು ಸುತ್ತು ಪಳಗಿಸಿದರೆ ಮತ್ತೆ ಮೊದಲಿನಂತೆ. ಸೀಳಿದ ಬೀಡಿಗೆ ಮಾತ್ರ ಮದ್ದಿಲ್ಲ.

ನಾಲ್ಕು ವರ್ಷದ ಮೇಲೆ ಒಂದೇ ಇಟ್ಟುಕೊಳ್ಳಿ ಅಂದರೆ? ತಗಡಿನದು. ಒಂದೇ ಕೈಯಲ್ಲಿ ಎತ್ತಿ ಬಗ್ಗಿಸಬಹುದು, ಬಿದ್ದರೂ ಒಡೆಯುವುದಿಲ್ಲ, ಬೇಗ ಪಳಗುತ್ತದೆ. ಬೀಡಿನದಕ್ಕೆ ಮಣಿಕಟ್ಟು ಗಟ್ಟಿ ಇರಬೇಕು; ತುಂಬಿದ ಬಾಣಲೆ ನಾಲ್ಕು ಕಿಲೋ ದಾಟುತ್ತದೆ, ಎರಡು ಕಿವಿ ಹಿಡಿದು ಎತ್ತಬೇಕು, ಕಿವಿಗಳೂ ಸುಡುತ್ತವೆ.

ಆದರೂ ಬೀಡಿನದನ್ನು ಕೊಟ್ಟುಬಿಡಲು ಮನಸ್ಸಾಗುವುದಿಲ್ಲ, ಅದಕ್ಕೆ ಕಾರಣ ಡಬ್ಬದ ಮೇಲೆ ಬರೆದಿಲ್ಲ. ಪಲ್ಯ ಬಗ್ಗಿಸಿದ ಮೇಲೆ ತಳದಲ್ಲಿ ಉಳಿಯುತ್ತದಲ್ಲ, ಎಣ್ಣೆ, ಸಾಸಿವೆ, ಕರಿದ ಕರಿಬೇವಿನ ಚೂರು, ಕೆಂಪಗೆ ಕಚ್ಚಿಕೊಂಡ ಕಾಯಿತುರಿ. ಒಲೆ ಆರಿರುತ್ತದೆ, ಬೀಡು ಇನ್ನೂ ಚುರುಗುಟ್ಟುತ್ತಿರುತ್ತದೆ. ಅದಕ್ಕೆ ಎರಡು ಸೌಟು ಬಿಸಿ ಅನ್ನ ಹಾಕಿ, ಉಪ್ಪು ಉದುರಿಸಿ, ಅರ್ಧ ಚಮಚ ತುಪ್ಪ ಬಿಟ್ಟು, ಅನ್ನವನ್ನು ಸಟ್ಟುಗದ ಬೆನ್ನಿನಿಂದ ಗೋಡೆಗೆ ಒತ್ತಿ ಒಂದು ನಿಮಿಷ ಬಿಡಿ. ಅಡಿಯ ಅನ್ನ ಗರಿಯಾಗುತ್ತದೆ, ಕಚ್ಚಿಕೊಂಡದ್ದೆಲ್ಲ ಅನ್ನದ ಜೊತೆ ಎದ್ದು ಬರುತ್ತದೆ. ತಟ್ಟೆಗೆ ಹಾಕುವ ಗೋಜಿಲ್ಲದೆ ಬಾಣಲೆಯಿಂದಲೇ ಎತ್ತಿ ತಿನ್ನಬೇಕು. ಆಮೇಲೆ ತೊಳೆಯಲೂ ಹೆಚ್ಚು ಉಳಿದಿರುವುದಿಲ್ಲ.