ಗೋಡೆಗೆ ಯಾವ ಇಟಲಿ: ಕ್ಲಾಡ್ ಲೊರೇನಾ, ಪಿರನೇಸಿಯಾ?

ಇಬ್ಬರೂ ಹಳೆಯ ಕಾಲದ ಅಚ್ಚುಚಿತ್ರ ಕಲಾವಿದರು, ರೋಮ್ ಸುತ್ತಮುತ್ತಲಿನ ನೋಟಗಳಿಗೆ ಮರುಳಾದವರೇ. ಕೆಲಸವೂ ಒಂದೇ: ಮೇಣ ಬಳಿದ ತಾಮ್ರದ ತಗಡನ್ನು ಸೂಜಿಯಿಂದ ಗೀರಿ, ಆಸಿಡ್‌ಗೆ ಒಡ್ಡಿ, ಅದು ಕೊರೆದ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತುವುದು. ಉಳಿದದ್ದೆಲ್ಲ ಬೇರೆ.

ಲೊರೇನ್‌ಗೆ ಬೇಕಿದ್ದದ್ದು ಹಳ್ಳಿಯ ಬೆಳಕು. 1636ರ ‘ದನಗಾಹಿ’ ನೋಡಿ. ಪುಟ್ಟ ಚಿತ್ರ. ಹೊಳೆ ದಾಟುವ ದನಗಳು, ಪಕ್ಕದಲ್ಲಿ ಕೂತು ಕೊಳಲೂದುವವನು, ಎಲೆಗಳ ನಡುವೆ ತೂರುವ ಬಿಸಿಲು. ಹತ್ತಿರ ಹೋದಷ್ಟೂ ಜಾಸ್ತಿ ಕಾಣುತ್ತದೆ.

ಪಿರನೇಸಿಯದು (1720–1778) ಅಬ್ಬರ. ರೋಮ್ ಹತ್ತಿರದ ತಿವೊಲಿ ಊರಿನ ಪಾಳು ಗುಡಿಯೂ ಬೆಟ್ಟದಂತೆ ಎದ್ದು ನಿಲ್ಲುತ್ತದೆ. ಹಾಳೆ ದೊಡ್ಡದು, ಕಪ್ಪು ದಟ್ಟ.

ದೊಡ್ಡ ಹಜಾರಕ್ಕೆ ಪಿರನೇಸಿ ಸರಿ. ಓದುವ ಮೇಜಿನ ಪಕ್ಕಕ್ಕಾದರೆ ನನ್ನ ಓಟು ಲೊರೇನ್‌ಗೆ. ಹಾಂ, ಪಿರನೇಸಿಯ ತಗಡುಗಳಿಂದ ಅವರು ತೀರಿಕೊಂಡ ಮೇಲೂ ಮುದ್ರಿಸಿದ್ದಾರೆ. ಸುಮ್ನೆ ‘ಅಸಲಿ’ ಅಂದರೆ ಸಾಲದು, ಯಾವ ಕಾಲದ ಅಚ್ಚು ಅಂತ ಕೇಳಿ.