ಡಬ್ಲಿನ್‌ನಲ್ಲಿ ಪಿಟೀಲು ಕೇಳಬೇಕಾ? ಕಾಬಲ್‌ಸ್ಟೋನ್‌ಗೆ ಹೋಗಿ

ಅಮ್ಮ ಡಬ್ಲಿನ್‌ಗೆ ಬಂದಾಗ ಕೇಳಿದ್ದು ಒಂದೇ, ಈ ಊರಿನವರ ಪಿಟೀಲು ಕೇಳಿಸು ಅಂತ. ಇಪ್ಪತ್ತು ವರ್ಷ ಮಕ್ಕಳಿಗೆ ಪಿಟೀಲು ಪಾಠ ಹೇಳಿದವರು, ಸುಮ್ನೆ ಬಿಡ್ತಾರಾ? ಮೊದಲ ಸಲ ಟೆಂಪಲ್ ಬಾರ್ ಅನ್ನೋ ಬಡಾವಣೆಯ ಒಂದು ಪಬ್‌ಗೆ ಕರೆದುಕೊಂಡು ಹೋಗಿ ಬೇಸ್ತು ಬಿದ್ದೆ. ಮೈಕು, ಸ್ಪೀಕರು, ಪ್ರವಾಸಿಗರ ಕಿರುಚಾಟ. ಪಿಟೀಲು ಇತ್ತು, ಕೇಳಿಸಲಿಲ್ಲ ಅಷ್ಟೆ.

ಆಮೇಲೆ ಹೋಗಿದ್ದು ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಅನ್ನೋ ಪಬ್‌ಗೆ. ಲುವಾಸ್ ಟ್ರಾಮ್‌ನ ರೆಡ್ ಲೈನ್ ಹಿಡಿದು ಸ್ಮಿತ್‌ಫೀಲ್ಡ್‌ನಲ್ಲಿ ಇಳಿದು, ಚೌಕದ ಉದ್ದಕ್ಕೂ ನಡೆದರೆ ಸಿಗುತ್ತದೆ. ಮುಂದಿನ ಬಾರ್‌ನಲ್ಲಿ ನಡೆಯುವ ಸೆಷನ್‌ಗೆ, ಅಂದರೆ ಸಂಗೀತಗಾರರು ಸುತ್ತ ಕೂತು ಒಟ್ಟಿಗೆ ನುಡಿಸೋದಕ್ಕೆ, ಟಿಕೆಟ್ ಇಲ್ಲ, ಹಿಂದಿನ ಕೋಣೆಯ ಕಾರ್ಯಕ್ರಮಗಳಿಗೆ ಇರುತ್ತದೆ. ಸೆಷನ್‌ಗೆ ವೇದಿಕೆ ಇಲ್ಲ, ಮೈಕ್ ಇಲ್ಲ. ಮೂಲೆಯಲ್ಲಿ ಮೂರು ಪಿಟೀಲು, ಒಂದು ಕೊಳಲು, ಒಂದು ಕಾನ್ಸರ್ಟಿನಾ (ಕೈಯಲ್ಲಿ ಹಿಡಿದು ನುಡಿಸುವ, ತಿದಿ ಇರುವ ಚಿಕ್ಕ ವಾದ್ಯ), ಎಲ್ಲರ ಮುಖವೂ ಒಬ್ಬರ ಕಡೆಗೊಬ್ಬರಿಗೆ, ನಮ್ಮ ಕಡೆಗಲ್ಲ. ಇದು ಕಛೇರಿ ಅಲ್ಲ, ಭಜನೆ ಮನೆಗೆ ಹೋಗಿ ಹಿಂದೆ ಕೂತ ಹಾಗೆ. ಅದು ಗೊತ್ತಿದ್ದರೆ ಇಷ್ಟವಾಗುತ್ತದೆ, ಇಲ್ಲದಿದ್ದರೆ ‘ನಮ್ಮನ್ನ ನೋಡೋದೇ ಇಲ್ಲವಲ್ಲ’ ಅನ್ನಿಸಬಹುದು.

ಒಬ್ಬರು ಶುರು ಮಾಡುತ್ತಾರೆ, ಆ ಮಟ್ಟು ಗೊತ್ತಿದ್ದವರು ಸೇರಿಕೊಳ್ಳುತ್ತಾರೆ, ಗೊತ್ತಿಲ್ಲದವರು ಪಿಟೀಲು ತೊಡೆ ಮೇಲೆ ಇಟ್ಟುಕೊಂಡು ಕೇಳುತ್ತಾರೆ. ಎದುರಿಗೆ ಕಾಗದ ಇಲ್ಲ. ಮೊದಲ ಭಾಗ ಎರಡು ಸಲ, ಎರಡನೇದು ಎರಡು ಸಲ, ಮತ್ತೆ ಮೊದಲಿಂದ, ಆಮೇಲೆ ನಿಲ್ಲಿಸದೆ ಇನ್ನೊಂದು ಮಟ್ಟಿಗೆ ಜಿಗಿತ. ‘ಅದನ್ನೇ ನುಡಿಸ್ತಿದ್ದಾರಲ್ಲೋ, ಸಂಗತಿ ಎಲ್ಲಿ?’ ಅಂತ ಅಮ್ಮ ಮೂಗು ಮುರಿದರು. ಸಂಗತಿ ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸಿ ನುಡಿಸೋದು. ಮೂರನೇ ಸುತ್ತಿಗೆ ಸುಮ್ಮನಾದರು. ಪಕ್ಕದಲ್ಲಿ ಪಿಟೀಲು ನುಡಿಸುತ್ತಿದ್ದ ಹುಡುಗಿ ಪ್ರತಿ ಸಲವೂ ಒಂದೊಂದು ಸ್ವರ ಬದಲಿಸುತ್ತಿದ್ದಳು, ಉದ್ದ ಸ್ವರ ಬಂದ ಕಡೆ ಮೇಲೊಂದು ಕೆಳಗೊಂದು ಬೆರಳು ತಟ್ಟಿ ಐದು ಚೂರು ಮಾಡುತ್ತಿದ್ದಳು. ಇದಕ್ಕೆ ಇವರು ರೋಲ್ ಅನ್ನುತ್ತಾರೆ. ‘ಸ್ಫುರಿತದ ತಂಗಿ’ ಅಂದರು ಅಮ್ಮ. ಸ್ಫುರಿತ ನಮ್ಮ ಕರ್ನಾಟಕ ಸಂಗೀತದ ಒಂದು ಗಮಕ, ಸ್ವರಕ್ಕೆ ಮಾಡುವ ಅಲಂಕಾರ. ತಾಳ ಕೈಯಲ್ಲಲ್ಲ, ಬೂಟಿನಲ್ಲಿ.

2021ರಲ್ಲಿ ಇಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಿತ್ತು, ಹಿಂದಿನ ಕೋಣೆ ಹೋಗುವುದರಲ್ಲಿತ್ತು. ಸಂಗೀತಗಾರರು ಬೀದಿಗಿಳಿದರು, ನಗರಸಭೆ ಅನುಮತಿ ಕೊಡಲಿಲ್ಲ. ಒಂದು ಪಬ್‌ಗೆ ಇಷ್ಟೊಂದಾ ಅಂತ ಆಗ ನಕ್ಕಿದ್ದೆ, ಈಗ ನಗಲ್ಲ.

ಊಟ ಮುಗಿಸಿಕೊಂಡು ಬೇಗ ಹೋಗಿ, ಕೂರೋಕೆ ಜಾಗ ಕಮ್ಮಿ. ಸಂಗೀತಗಾರರ ಕುರ್ಚಿ ಖಾಲಿ ಕಂಡರೂ ಕೂರಬೇಡಿ. ರೆಕಾರ್ಡ್ ಮಾಡೋದಿದ್ದರೆ ಕೇಳಿ ಮಾಡಿ. ನುಡಿಸುವಾಗ ಹತ್ತಿರ ನಿಂತು ಹರಟಬೇಡಿ, ಇದು ನನ್ನ ಗೆಳೆಯರಿಗೆ ಜಾಸ್ತಿ ಅನ್ವಯಿಸುತ್ತದೆ.

ನಡುವೆ ಒಬ್ಬ ಹಿರಿಯರು ಅಮ್ಮನ ಬೆರಳು ತೊಡೆಯ ಮೇಲೆ ಓಡುತ್ತಿದ್ದದ್ದು ನೋಡಿ ತಮ್ಮ ಪಿಟೀಲನ್ನೇ ಚಾಚಿದರು. ಅಮ್ಮ ಒಂದು ಕ್ಷಣ ನೆಲ ನೋಡಿದರು, ಬಿಯರ್ ಚೆಲ್ಲಿ ಅಂಟುಅಂಟಾಗಿತ್ತು. ‘ತಂತಿಗಳನ್ನ ನಮ್ಮ ಥರ ಸ-ಪ-ಸ-ಪ ಸ್ವರಗಳಿಗೆ ಕೂಡಿಸಬೇಕು, ಕೆಳಗೆ ಕೂರಬೇಕು, ಬೇಡಪ್ಪ, ಈ ಸೀರೆಲಿ ಆಗಲ್ಲ ಅಂತ ಹೇಳು’ ಅಂದರು. ಹೇಳಿದೆ. ಮುಂದಿನ ವಾರ ಚೂಡಿದಾರ್ ಹಾಕಿಕೊಂಡು ಹೊರಟರು.